ಸ್ಕೂಟರ್ ಡಿಕ್ಕಿಯಲ್ಲಿ ಏನೇನು ಇಟ್ಟುಕೊಳ್ಳಬೇಕು? ದಾರಿಯಲ್ಲಿ ಒಂದು ಪಂಕ್ಚರ್ ಅಂಗಡಿಯೂ ಇಲ್ಲ

ಕೊಪ್ಪದ ಟೀಚರ್
ಜೂನ್ 21, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮನೆ ಕೊಪ್ಪದಲ್ಲಿ. ಶಾಲೆ ಜಯಪುರ ದಾಟಿ ಒಳಗೆ, ಒಂದು ಕಡೆಗೆ 26 ಕಿಲೋಮೀಟರ್. ಕೊನೆಯ 9 ಕಿಲೋಮೀಟರ್ ಬರೀ ತೋಟ ಮತ್ತು ಕಾಡು. ಅಷ್ಟು ದೂರದಲ್ಲಿ ಇರುವುದು ಒಂದು ಬಸ್ ಸ್ಟ್ಯಾಂಡು, ಒಂದು ಚೌಡಿ ಬನ. ಫೋನಿಗೆ ಸಿಗ್ನಲ್ ಇಲ್ಲ.

ಗಾಡಿ 2021ರ ಆಕ್ಟಿವಾ 6ಜಿ. 31 ಸಾವಿರ ಓಡಿದೆ. ಎರಡೂ ಟಯರ್ ಟ್ಯೂಬ್‌ಲೆಸ್.

ಕಳೆದ ಗುರುವಾರ ಶಾಲೆ ಬಿಟ್ಟ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇತ್ತು. ಹೊರಟಾಗ ಸಂಜೆ 5:45. ಎರಡು ತಿರುವು ದಾಟುವಷ್ಟರಲ್ಲಿ ಹಿಂದಿನ ಚಕ್ರ ಹಾವಿನ ಹಾಗೆ ಆಡತೊಡಗಿತು. ಇಳಿದು ನೋಡಿದರೆ ಶೀಟ್ ಹೊದೆಸುವ ಮೊಳೆ, ತಲೆವರೆಗೂ ಒಳಗೆ ಹೋಗಿದೆ. ಗಾಳಿ ಪೂರ್ತಿ ಖಾಲಿ. ಮಳೆ ಮಾತ್ರ ಪೂರ್ತಿ ಜೋರು.

ಡಿಕ್ಕಿ ತೆಗೆದೆ. ಒಂದು ಟಿಫಿನ್ ಬಾಕ್ಸ್, ಎರಡು ಚಾಕ್‌ಪೀಸ್ ಡಬ್ಬಿ, ಒಂದು ಕಟ್ಟು ನಲಿಕಲಿ ಕಾರ್ಡು. ಗಾಡಿ ಜೊತೆ ಬಂದ ಸಣ್ಣ ಚೀಲ ಇತ್ತು. ಅದನ್ನು ಬಿಚ್ಚಿದ್ದೇ ಅವತ್ತು. ಒಳಗೆ ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್. ಅವೆರಡನ್ನೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ, ಅಷ್ಟೇ.

ಮೊದಲು ನಿಧಾನವಾಗಿ ಓಡಿಸಿಯೇ ನೋಡಿದೆ. ಅದೇ ತಪ್ಪಾಯಿತು ಅಂತ ಆಮೇಲೆ ಗೊತ್ತಾಯಿತು. ಆಮೇಲೆ ಮೂರೂವರೆ ಕಿಲೋಮೀಟರ್ ತಳ್ಳಿದೆ. ಕೊನೆಗೆ ತೋಟದ ಪಿಕಪ್ ಒಂದು ಬಂತು. ಹುಡುಗರು ಸ್ಕೂಟರನ್ನು ಎತ್ತಿ ಹಿಂದೆ ಹಾಕಿದರು. ಮನೆ ಸೇರಿದಾಗ 8:20. ಸೀರೆ ಅಂಚಿಗೆ ಇಂಬಳ, ಚಪ್ಪಲಿಯೊಳಗೆ ಇಂಬಳ. "ಒಂದು ಫೋನ್ ಮಾಡಬಾರದಿತ್ತಾ" ಅಂದರು ನಮ್ಮ ಮನೆಯವರು. ಎಲ್ಲಿಂದ ಮಾಡಲಿ, ಹೇಳಿ. ಮರುದಿನ ಅಂಗಡಿಯವರು ನೋಡಿ, ಗಾಳಿ ಇಲ್ಲದೆ ಓಡಿಸಿ ಟಯರಿನ ಪಕ್ಕ ಕತ್ತರಿಸಿ ಹೋಗಿದೆ, ಹೊಸದೇ ಬೇಕು ಅಂದರು.

ನನಗೆ ಈಗ 43 ವರ್ಷ. ಇಲ್ಲಿಯವರೆಗೆ ಒಂದು ನಟ್ಟೂ ಬಿಚ್ಚಿದವಳಲ್ಲ. ಡಿಕ್ಕಿಯಲ್ಲಿ ಊಟ, ರೇನ್‌ಕೋಟು, ಪುಸ್ತಕ ಹಿಡಿಯಬೇಕು. ಉಳಿದ ಜಾಗದಲ್ಲಿ ಏನಿಟ್ಟುಕೊಳ್ಳಲಿ? ಒಬ್ಬಳೇ ಮಾಡಲು ಆಗುವಂಥದ್ದನ್ನೇ ಹೇಳಿ. ದಯವಿಟ್ಟು ವಿಡಿಯೋ ಕಳಿಸಬೇಡಿ, ಈಗಾಗಲೇ ಹನ್ನೊಂದು ನೋಡಿದ್ದೇನೆ. ಎಲ್ಲದರಲ್ಲೂ ಒಣ ನೆಲ, ಬಿಸಿಲು, ಜೊತೆಗೆ ಹಿಡಿದುಕೊಳ್ಳಲು ಒಬ್ಬ ಗೆಳೆಯ.


ಲಾಂಗ್ ರೈಡ್ ಹುಡುಗ
ಜೂನ್ 21, ರಾತ್ರಿ 10:15

ಮೇಡಂ, ಓದಿ ಬೇಜಾರಾಯಿತು. ನಾನು ಬೆಂಗಳೂರಿಂದ ಲಡಾಖ್‌ವರೆಗೆ ಹೋಗಿ ಬಂದಿದ್ದೇನೆ. ನನ್ನ ಬ್ಯಾಗಿನಲ್ಲಿ ಇರುವುದನ್ನು ಹೇಳುತ್ತೇನೆ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಚಾರ್ಜ್ ಮಾಡುವ ಎಲೆಕ್ಟ್ರಿಕ್ ಪಂಪು, ಅಲೆನ್ ಕೀ ಸೆಟ್, 8ರಿಂದ 19ರವರೆಗೆ ಸ್ಪ್ಯಾನರ್, ಸಾಕೆಟ್ ಸೆಟ್, ಎರಡು ಪ್ಲಗ್, ಕ್ಲಚ್ ಕೇಬಲ್, ಆಕ್ಸಿಲೇಟರ್ ಕೇಬಲ್, ಬ್ರೇಕ್ ಲಿವರ್, ಕ್ಲಚ್ ಲಿವರ್, ಫ್ಯೂಸ್, ಎಂ-ಸೀಲ್, ಕೇಬಲ್ ಟೈ, ಡಕ್ಟ್ ಟೇಪ್, ಒಂದು ಲೀಟರ್ ಎಂಜಿನ್ ಆಯಿಲ್, ಜಂಪ್ ಸ್ಟಾರ್ಟರ್. ಒಟ್ಟು ಆರೂವರೆ ಕೆಜಿ.

ಇದರಲ್ಲಿ ನಾನು ನಿಜವಾಗಿ ಬಳಸಿದ್ದು ಕೇಬಲ್ ಟೈ ಮಾತ್ರ. ನಂಬರ್ ಪ್ಲೇಟ್ ಕಳಚಿತ್ತು. ಆದರೂ ಇದ್ದರೆ ಒಂದು ಧೈರ್ಯ ಅಲ್ವಾ.

ಎಲೆಕ್ಟ್ರಿಕ್ ಪಂಪ್ ಖಂಡಿತ ತಗೊಳ್ಳಿ. ಎಷ್ಟು ಗಾಳಿ ಬೇಕು ಅಂತ ಸೆಟ್ ಮಾಡಿದರೆ ತಾನೇ ನಿಲ್ಲುತ್ತದೆ.


ದನದ ಡಾಕ್ಟ್ರು
ಜೂನ್ 22, ಬೆಳಿಗ್ಗೆ 6:05

ಟೀಚರಮ್ಮ, ನಾನು ಹೊಸನಗರ ತಾಲ್ಲೂಕಿನಲ್ಲಿ ಇಪ್ಪತ್ತೆಂಟು ವರ್ಷ ಪಶು ಇಲಾಖೆಯಲ್ಲಿ ಇದ್ದವನು. ಡಾಕ್ಟ್ರು ಅಂತ ಜನ ಕರೆಯುತ್ತಾರೆ, ನಿಜ ಹೇಳಬೇಕೆಂದರೆ ನಾನು ಪರೀಕ್ಷಕ. ದನಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಾಗಾಗಿ ನಾನೂ ತಿದ್ದಲು ಹೋಗಲಿಲ್ಲ.

ನಮ್ಮ ಕೆಲಸದಲ್ಲಿ ಬೈಕ್ ಕೈಕೊಟ್ಟರೆ ನಾವು ಮಾತ್ರ ನಿಲ್ಲುವುದಲ್ಲ. ಹಿಂದೆ ಲಸಿಕೆ ಡಬ್ಬಿ ಇರುತ್ತದೆ. ಕಾಲುಬಾಯಿ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಐಸ್ ಕರಗಿದರೆ ಎಲ್ಲ ವ್ಯರ್ಥ. ಇನ್ನೊಂದು ದಿನ ದ್ರವ ಸಾರಜನಕದ ಜಾರ್ ಇರುತ್ತದೆ. ಮೈನಸ್ 196 ಡಿಗ್ರಿ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳು ಅದರಲ್ಲಿ. ಆ ಕಡೆ ಹಸು ಬೆದೆಗೆ ಬಂದು ಕೂಗುತ್ತಿರುತ್ತದೆ, ಮನೆಯವರು ಗೇಟಿನಲ್ಲಿ ನಿಂತು ದಾರಿ ನೋಡುತ್ತಿರುತ್ತಾರೆ. ಹಸುವಿಗೆ ಪಂಕ್ಚರ್ ಆಗಿದೆ ತಾಯಿ, ನಾಳೆ ಬರುತ್ತೇನೆ ಅನ್ನಲು ಆಗುತ್ತದಾ?

ಹಾಗಾಗಿ ನನ್ನ ಸೈಡ್ ಬಾಕ್ಸ್ ಪಟ್ಟಿ ನೋಡಿ ತುಂಬಿದ್ದಲ್ಲ. ಒಂದೊಂದು ಸಲ ಪೆಟ್ಟು ತಿಂದಾಗ ಒಂದೊಂದು ಸಾಮಾನು ಒಳಗೆ ಬಂತು. ಕೆಲವು ಹೊರಗೂ ಹೋದವು.

ಮೊದಲು ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಯಮಹಾ ಆರ್‌ಎಕ್ಸ್ 100. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲ್ ಜೊತೆ ಆಯಿಲೂ ಉರಿಯಬೇಕು. ನಾನೋ ದಿಬ್ಬದಲ್ಲಿ ದನದ ಹಿಂದೆ ನಡೆದ ಹಾಗೆ ಓಡಿಸುವವನು. ಪ್ಲಗ್ಗಿಗೆ ಕರಿ ಹಿಡಿಯುತ್ತಿತ್ತು. ಆಗ ಜೇಬಿನಲ್ಲಿ ಎರಡು ಪ್ಲಗ್, ಒಂದು ಚೂರು ಎಮರಿ ಪೇಪರ್ ಇಲ್ಲದೆ ಮನೆ ಬಿಡುತ್ತಿರಲಿಲ್ಲ. 2003ರಲ್ಲಿ ಸ್ಪ್ಲೆಂಡರ್ ತಗೊಂಡೆ. ಅದಾದ ಮೇಲೆ ದಾರಿಯಲ್ಲಿ ಪ್ಲಗ್ ಬಿಚ್ಚಿದ್ದು ಎರಡೇ ಸಲ. ನಿಮ್ಮದು ಫ್ಯುಯೆಲ್ ಇಂಜೆಕ್ಷನ್ ಗಾಡಿ. ಸರ್ವಿಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಪ್ಲಗ್ ಬದಲಿಸಿಕೊಳ್ಳಿ, ಡಿಕ್ಕಿಯಲ್ಲಿ ಅದಕ್ಕೆ ಜಾಗ ಬೇಡ.

ಕ್ಲಚ್ ವೈರ್ ಕಥೆ ಹೇಳದಿದ್ದರೆ ನನಗೆ ತಿಂದದ್ದು ಜೀರ್ಣ ಆಗುವುದಿಲ್ಲ. ನಿಮ್ಮ ಸ್ಕೂಟರಿಗೆ ಕ್ಲಚ್ಚೇ ಇಲ್ಲ, ಆದರೂ ಕೇಳಿ. ಹುಲಿಕಲ್ ಘಾಟಿ ಹತ್ತುತ್ತಿದ್ದೆ. ಜುಲೈ ತಿಂಗಳು. ಮುಂದಿನ ಲಾರಿಯ ಹಿಂದೀಪ ಕಾಣುವುದಿಲ್ಲ, ಅಂಥ ಮಳೆ. ಲಿವರ್ ಹತ್ತಿರ ವೈರಿನ ಎಳೆಗಳು ಒಂದೊಂದಾಗಿ ಕಿತ್ತು ನಿಂತಿದ್ದವು. ಹದಿನೈದು ದಿನದಿಂದ ನೋಡುತ್ತಲೇ ಇದ್ದೆ. ನಾಳೆ ಹಾಕಿಸೋಣ, ನಾಳೆ ಹಾಕಿಸೋಣ. ತಿರುವಿನಲ್ಲಿ ಲಾರಿ ನಿಂತಿತು, ನಾನು ಕ್ಲಚ್ ಹಿಡಿದೆ, ಟಪ್ ಅಂತು. ಗಾಡಿ ಎಗರಿ ಬಂದ್ ಆಯಿತು. ಹಿಂದೆ ಸಾರಜನಕದ ಜಾರ್, ಕೆಳಗೆ ಪ್ರಪಾತ. ಇದರಲ್ಲಿ ಗಾಡಿಯ ತಪ್ಪು ಏನೂ ಇಲ್ಲ, ಪೂರಾ ನನ್ನದೇ.

ಲಾರಿ ಮುಂದೆ ಹೋಗುವವರೆಗೆ ಕಾದು, ಗಾಡಿಯನ್ನು ಇಳಿಜಾರಿನ ಕಡೆ ತಿರುಗಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕೆಳಗೆ ಉರುಳುವಾಗ ಗೇರ್ ಒತ್ತಿದೆ. ಅಗಲ ಇದ್ದ ಕಡೆ ತಿರುಗಿಸಿಕೊಂಡು ಹತ್ತಿದೆ. ಆಕ್ಸಿಲೇಟರ್ ಸ್ವಲ್ಪ ಬಿಟ್ಟಾಗ ಗೇರ್ ತಾನೇ ಬೀಳುತ್ತದೆ, ಕ್ಲಚ್ ಇಲ್ಲದೆಯೂ. ಮಾಸ್ತಿಕಟ್ಟೆವರೆಗೆ ಎಲ್ಲೂ ನಿಲ್ಲಿಸದೆ ಬಂದೆ. ಮರುದಿನವೇ ಎರಡು ವೈರ್ ತಂದೆ. ಒಂದನ್ನು ಹಾಕಿಸಿದೆ. ಇನ್ನೊಂದಕ್ಕೆ ಎಣ್ಣೆ ಬಿಟ್ಟು, ಹಳೆಯದರ ಪಕ್ಕದಲ್ಲೇ ಎಳೆದು, ಟೈ ಹಾಕಿ ಕಟ್ಟಿದೆ. ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಸಾಕು, ಹತ್ತು ನಿಮಿಷ. ಗೇರ್ ಗಾಡಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ಇಷ್ಟು ಮಾಡಿಕೊಳ್ಳಿ. ವೈರಿಗೆ ಎಣ್ಣೆ ಬಿಡಲು ನಮ್ಮ ಹಳೇ ಸಿರಿಂಜಿಗಿಂತ ಒಳ್ಳೆಯ ಸಾಧನ ಇಲ್ಲ. ಸೂಜಿ ತೆಗೆದು, ಹತ್ತು ಎಂಎಲ್ ಆಯಿಲ್ ಎಳೆದು, ನಿಧಾನ ಒತ್ತಿದರೆ ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುತ್ತದೆ.

ಚೈನ್ ತುಂಡಾದ ಕಥೆಯೂ ಇದೆ. ರಾತ್ರಿ ಹನ್ನೊಂದು ಗಂಟೆ, ಕರು ಅಡ್ಡ ಬಿದ್ದ ಹಸು. ನಿಮಗೆ ಚೈನೂ ಇಲ್ಲ, ಬಿಡಿ.

ಈಗ ನಿಮ್ಮ ವಿಷಯ. ನಿಮ್ಮ ದಾರಿಗೆ ನಿಮ್ಮ ಗಾಡಿಗೆ ಬರುವ ಕಷ್ಟ ನೂರಕ್ಕೆ ತೊಂಬತ್ತು ಪಂಕ್ಚರೇ. ಹಾಗಾಗಿ ಆರೂವರೆ ಕೆಜಿ ಬೇಡ. ನೀವು ಕೊಳ್ಳಬೇಕಾದ್ದು ಟ್ಯೂಬ್‌ಲೆಸ್ ಕಿಟ್ ಒಂದು, ಗಾಳಿ ಹೊಡೆಯಲು ಒಂದು ಪಂಪು, ಒಳ್ಳೆಯ ಕಟಿಂಗ್ ಪ್ಲೇಯರ್ ಒಂದು, ತಲೆಗೆ ಕಟ್ಟುವ ಟಾರ್ಚ್ ಒಂದು.

ಕಿಟ್ಟಿನಲ್ಲಿ ಎರಡು ಟಿ ಆಕಾರದ ಸಾಧನ ಇರುತ್ತದೆ. ಒಂದು ಅರದ ಹಾಗೆ ಒರಟು, ಇನ್ನೊಂದು ದಬ್ಬಣದ ಹಾಗೆ, ಕಣ್ಣು ಇರುವುದು. ಜೊತೆಗೆ ಕಂದು ಬಣ್ಣದ ಅಂಟು ಅಂಟಾದ ಹುರಿ, ಒಂದು ಸಲ್ಯೂಷನ್ ಟ್ಯೂಬು. ಮೊಳೆಯನ್ನು ಪ್ಲೇಯರಿನಿಂದ ಎಳೆಯುವ ಮೊದಲು ಅದು ಯಾವ ಓರೆಯಲ್ಲಿ ಹೋಗಿದೆ ನೋಡಿಕೊಳ್ಳಿ. ಅರವನ್ನೂ ಅದೇ ಓರೆಯಲ್ಲಿ ಹಾಕಿ ನಾಲ್ಕೈದು ಸಲ ಒಳಗೆ ಹೊರಗೆ ಎಳೆಯಿರಿ. ಇಲ್ಲಿ ಮೈಯ ಬಲ ಬೇಕು. ನಿಂತು ಆಗದಿದ್ದರೆ ಮಂಡಿಯೂರಿ ಭುಜದ ಭಾರ ಹಾಕಿ. ಹುರಿಯನ್ನು ದಬ್ಬಣಕ್ಕೆ ಪೋಣಿಸಿ ಎರಡು ಕಡೆ ಸಮ ಮಾಡಿ, ಸಲ್ಯೂಷನ್ ಹಚ್ಚಿ ಒತ್ತಿ. ಹೊರಗೆ ಒಂದು ಸೆಂಟಿಮೀಟರಿನಷ್ಟು ಬಾಲ ಉಳಿಯಬೇಕು. ಆಮೇಲೆ ದಬ್ಬಣವನ್ನು ಒಂದೇ ಏಟಿಗೆ ಎಳೆಯಿರಿ. ಅನುಮಾನ ಪಡುತ್ತಾ ನಿಧಾನ ಎಳೆದರೆ ಹುರಿಯೂ ಜೊತೆಗೆ ಬರುತ್ತದೆ. ಇಂಜೆಕ್ಷನ್ ಸೂಜಿ ಎಳೆಯುವಾಗಲೂ ಹಾಗೇ, ಹಿಂಜರಿದರೆ ಹಸು ಒದೆಯುತ್ತದೆ.

ಗಾಳಿ ಹೊಡೆದ ಮೇಲೆ ಹುರಿ ಇರುವ ಜಾಗಕ್ಕೆ ಸ್ವಲ್ಪ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಾರದಿದ್ದರೆ ಮುಗಿಯಿತು. ಗಲೀಜು ಅಂತ ಅನಿಸಿದರೆ ನೀರು ಹಚ್ಚಿ. ನಮ್ಮ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರಿಗೇನು ಬರ.

ಈ ಹುರಿ ಟಯರ್ ನೆಲ ಮುಟ್ಟುವ ಭಾಗಕ್ಕೆ ಮಾತ್ರ. ಪಕ್ಕದ ಗೋಡೆಗೆ ಹಾಕಬಾರದು, ನಿಲ್ಲುವುದಿಲ್ಲ. ಮತ್ತೆ, ಮೊಳೆ ಚುಚ್ಚಿದ್ದರೂ ಗಾಳಿ ಇನ್ನೂ ಇದೆ, ಅಂಗಡಿ ಎರಡು ಮೂರು ಕಿಲೋಮೀಟರಿನಲ್ಲಿದೆ ಅಂದರೆ ಮೊಳೆ ಎಳೆಯಲೇಬೇಡಿ. ಅದೇ ಬಿರಡೆ. ಹಾಗೇ ನಿಧಾನಕ್ಕೆ ಹೋಗಿ.

ಎಲೆಕ್ಟ್ರಿಕ್ ಪಂಪಿನ ಬಗ್ಗೆ ಆ ಹುಡುಗ ಹೇಳಿದ್ದು ತಪ್ಪಲ್ಲ. ಆದರೆ ಮೂರು ತಿಂಗಳು ಡಿಕ್ಕಿಯಲ್ಲಿ ಬಿದ್ದಿದ್ದು, ಬೇಕಾದ ದಿನ ಚಾರ್ಜ್ ಇಲ್ಲದಿದ್ದರೆ ಅದೊಂದು ಇಟ್ಟಿಗೆ. ನಾನು ಕಾಲಲ್ಲಿ ಒತ್ತುವ ಸಣ್ಣ ಪಂಪ್ ಹೇಳುತ್ತೇನೆ. ನಿಮ್ಮ ಹಿಂದಿನ ಚಕ್ರ 10 ಇಂಚು, ಬೇಗ ತುಂಬುತ್ತದೆ. ಮನೆಯಲ್ಲಿರುವ ಸೈಕಲ್ ಪಂಪನ್ನೇ ತರುತ್ತೇನೆ ಅನ್ನಬೇಡಿ. ನಮ್ಮ ಹಳೇ ಸೈಕಲ್ಲಿನ ವಾಲ್ವೇ ಬೇರೆ, ಬಾಯಿ ಕೂರುವುದಿಲ್ಲ. ಒಬ್ಬರು ಅದನ್ನು ಕಾಡಿನಲ್ಲಿ ನಿಂತು ಕಂಡುಕೊಂಡರು. ಆ ಒಬ್ಬರು ಯಾರು ಅಂತ ಕೇಳಬೇಡಿ.

ದುಡ್ಡು ಕೊಡದೆ ಸಿಗುವುದು ಕೆಲವು ಇವೆ. ಹಳೇ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ ಇಟ್ಟುಕೊಳ್ಳಿ. ಏನನ್ನಾದರೂ ಕಟ್ಟಲು ಆಗುತ್ತದೆ, ಮಳೆಯಲ್ಲಿ ಬೆಂಕಿ ಹಚ್ಚಬೇಕಾದರೆ ಒದ್ದೆಯಾಗಿದ್ದರೂ ಹತ್ತಿಕೊಳ್ಳುತ್ತದೆ. ಸರ್ಜಿಕಲ್ ಗ್ಲೌಸ್ ಎರಡು ಜೊತೆ, ಶಾಲೆಗೆ ಹೋಗುವ ಕೈ ಕಪ್ಪಾಗಬಾರದು ಅಲ್ವಾ. ಖಾಲಿ ಡ್ರಿಪ್ ಪೈಪ್ ಒಂದು, ಬೇರೆ ಗಾಡಿಯಿಂದ ಪೆಟ್ರೋಲ್ ಇಳಿಸಿಕೊಳ್ಳಲು. ಬಾಯಲ್ಲಿ ಎಳೆಯಬೇಡಿ, ಸಿರಿಂಜ್ ಸಿಕ್ಕಿಸಿ ಎಳೆಯಿರಿ. ಈಗಿನ ಎಷ್ಟೋ ಬೈಕಿನ ಟ್ಯಾಂಕಿಗೆ ಬಾಯಲ್ಲೇ ಜಾಲರಿ ಇರುತ್ತದೆ, ಆಗ ಪೈಪ್ ಇಳಿಯುವುದಿಲ್ಲ. ಮೈ ಸೋಪಿನ ಚೂರೊಂದು ಇರಲಿ. ಹಳೇ ಗಾಡಿಗಳ ತಗಡಿನ ಟ್ಯಾಂಕಿನಲ್ಲಿ ಪೆಟ್ರೋಲ್ ಜಿನುಗಿದರೆ ಉಜ್ಜಿ ಬಿಟ್ಟರೆ ಊರು ಸೇರುವವರೆಗೆ ನಿಲ್ಲುತ್ತದೆ.

ಮೂರು ಮೀಟರ್ ಹಗ್ಗ. ನನ್ನ ಬಳಿ ಯಾವಾಗಲೂ ದನದ ಹಗ್ಗ ಇರುತ್ತಿತ್ತು. ಟ್ಯೂಬ್‌ಲೆಸ್ ಟಯರ್ ಪೂರ್ತಿ ಇಳಿದು ಅಂಚು ರಿಮ್ಮಿನಿಂದ ಬಿಟ್ಟುಕೊಂಡರೆ, ಎಷ್ಟು ಪಂಪ್ ಹೊಡೆದರೂ ಗಾಳಿ ಪಕ್ಕದಿಂದ ಹೋಗುತ್ತಲೇ ಇರುತ್ತದೆ. ಆಗ ಟಯರಿನ ಸುತ್ತ ನಡುಮಧ್ಯೆ ಹಗ್ಗ ಬಿಗಿದು, ಒಂದು ಕೋಲು ತೂರಿಸಿ ತಿರುಚಿ. ನಡು ಒತ್ತಿದ ಹಾಗೆ ಎರಡು ಅಂಚು ಹೊರಗೆ ಬಂದು ರಿಮ್ಮಿಗೆ ಕೂರುತ್ತವೆ. ಆಗ ಗಾಳಿ ಹೊಡೆಯಿರಿ, ಸ್ವಲ್ಪ ನಿಂತ ಮೇಲೆ ಹಗ್ಗ ಸಡಿಲಿಸಿ.

ಇಂಬಳಕ್ಕೆ ಸಣ್ಣ ಡಬ್ಬಿಯಲ್ಲಿ ಸುಣ್ಣ. ಇದು ಸ್ಪೇರ್ ಪಾರ್ಟಾ ಅಂತ ಕೇಳುತ್ತೀರಿ. ಅರ್ಧ ಗಂಟೆ ಮಂಡಿಯೂರಿ ಕೂತು ಕೆಲಸ ಮಾಡಬೇಕು ನೀವು, ಆ ಹುಲ್ಲಿನಲ್ಲಿ. ನನ್ನ ಲೆಕ್ಕದಲ್ಲಿ ಇದೂ ಸ್ಪೇರ್ ಪಾರ್ಟೇ.

ಇನ್ನೊಂದೇ ಮಾತು. ಕಿಟ್ ತಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಡಿಕ್ಕಿಗೆ ಹಾಕಬೇಡಿ. ಅವತ್ತು ಆ ಪ್ಲಗ್ ಸ್ಪ್ಯಾನರ್ ಹಿಡಿದು ನಿಂತ ಹಾಗೇ ಇದನ್ನೂ ಹಿಡಿದು ನಿಲ್ಲುತ್ತೀರಿ. ನಿಮ್ಮ ಹಾಳಾದ ಟಯರ್ ಅಂಗಡಿಯಲ್ಲೇ ಬಿದ್ದಿರಬಹುದು, ಕೇಳಿ ತನ್ನಿ. ಅದಕ್ಕೆ ನೀವೇ ಮೊಳೆ ಹೊಡೆದು, ನೀವೇ ಎಳೆದು, ನೀವೇ ಹುರಿ ಹಾಕಿ. ಮೂರು ಸಲ. ಮೂರನೆಯ ಸಲ ಕರೆಂಟ್ ಆರಿಸಿ, ಟಾರ್ಚ್ ಕಟ್ಟಿಕೊಂಡು ಮಾಡಿ. ಮನೆಯವರು ನಗುತ್ತಾರೆ, ನಗಲಿ.


ಕೊಪ್ಪದ ಟೀಚರ್
ಜೂನ್ 22, ರಾತ್ರಿ 8:50

ಡಾಕ್ಟ್ರೇ, ಇಷ್ಟು ಉದ್ದಕ್ಕೆ ಕೂತು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಮನೆಯವರಿಗೆ ಓದಿ ಹೇಳಿದೆ. ಕರು ಅಡ್ಡ ಬಿದ್ದ ಹಸು ಉಳಿಯಿತಾ ಅಂತ ಕೇಳುತ್ತಿದ್ದಾರೆ.

ಒಂದು ಅನುಮಾನ. ಹಿಂದಿನ ಚಕ್ರ ಬಿಚ್ಚಬೇಕಾಗುತ್ತದಾ? ದೊಡ್ಡ ಸ್ಪ್ಯಾನರ್ ಬೇಕಾ? ಇನ್ನೊಂದು, ಮಳೆಯಲ್ಲಿ ಗಾಡಿ ಸ್ಟಾರ್ಟೇ ಆಗದಿದ್ದರೆ ಏನು ಮಾಡಬೇಕು?


ಗ್ಯಾರೇಜ್ ಶಿವಮೊಗ್ಗ
ಜೂನ್ 22, ರಾತ್ರಿ 11:30

ಅಕ್ಕ, ನಂದು ಶಿವಮೊಗ್ಗದಲ್ಲಿ ಸಣ್ಣ ಗ್ಯಾರೇಜ್. ಅಂಗಡಿ ಮುಚ್ಚಿ ಬಂದು ಬರೆಯುತ್ತಿದ್ದೇನೆ.

ಚಕ್ರ ಬಿಚ್ಚುವ ಮಾತೇ ಬೇಡ. ನಿಮ್ಮ ಗಾಡಿಯಲ್ಲಿ ಹಿಂದಿನ ಚಕ್ರ ತೆಗೆಯಬೇಕೆಂದರೆ ಮೊದಲು ಸೈಲೆನ್ಸರ್ ಇಳಿಸಬೇಕು. ಬಿಸಿ ಸೈಲೆನ್ಸರ್, ತುಕ್ಕು ಹಿಡಿದ ಬೋಲ್ಟು, ಕತ್ತಲೆ. ಬೇಡ. ಹುರಿ ಹಾಕಲು ಚಕ್ರ ಗಾಡಿಯಲ್ಲೇ ಇರಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಕೈಯಲ್ಲಿ ತಿರುಗಿಸಿ ಮೊಳೆ ಇರುವ ಜಾಗವನ್ನು ನಿಮ್ಮ ಕಡೆಗೆ ತನ್ನಿ. ಮಣ್ಣು ಮೆತ್ತಗಿದ್ದರೆ ಸ್ಟ್ಯಾಂಡ್ ಹೂತು ಗಾಡಿ ಮಗುಚುತ್ತದೆ. ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೋ ಹಲಗೆ ಚೂರೋ ಇಡಿ.

ಡಾಕ್ಟ್ರು ಸರಿಯಾಗಿಯೇ ಹೇಳಿದ್ದಾರೆ. ಒಂದು ಬಿಟ್ಟಿದ್ದಾರೆ. ಡಿಕ್ಕಿಯ ಕೆಳಗೇ ಎಂಜಿನ್. ಆ ಶಾಖಕ್ಕೆ ಸಲ್ಯೂಷನ್ ಟ್ಯೂಬ್ ಒಣಗುತ್ತದೆ, ಅದರಲ್ಲೂ ಒಂದು ಸಲ ಮುಚ್ಚಳ ತೆಗೆದದ್ದು ಬೇಗ ಒಣಗುತ್ತದೆ. ನೀವು ಮನೆಯಲ್ಲಿ ಕಲಿಯಲು ಬಳಸಿದ ಟ್ಯೂಬನ್ನು ಮನೆಯಲ್ಲೇ ಬಿಡಿ, ಡಿಕ್ಕಿಗೆ ಹೊಸದು ಹಾಕಿ. ಹುರಿಯನ್ನೂ ವರ್ಷಕ್ಕೊಮ್ಮೆ ಮುಟ್ಟಿ ನೋಡಿ. ಅಂಟು ಹೋಗಿ ಗಟ್ಟಿಯಾಗಿದ್ದರೆ ಎಸೆಯಿರಿ. ಕಬ್ಬಿಣದ ಸಾಮಾನಿಗೆ ಆಯಿಲ್ ಬಟ್ಟೆ ಸುತ್ತಿ, ಇಲ್ಲದಿದ್ದರೆ ನಿಮ್ಮ ಕಡೆಯ ಮಳೆಗೆ ಒಂದೇ ಸೀಸನ್‌ನಲ್ಲಿ ತುಕ್ಕು.

ಸ್ಟಾರ್ಟ್ ಆಗದಿದ್ದರೆ ಏನು ಅಂತ ಕೇಳಿದಿರಿ. ನಗಬೇಡಿ, ನನಗೆ ಬರುವ ಫೋನುಗಳಲ್ಲಿ ಎಷ್ಟೋ ಸಲ ಸ್ವಿಚ್ಚೇ ಆಫ್ ಆಗಿರುತ್ತದೆ. ಎಂಜಿನ್ ಸ್ವಿಚ್ ಇದ್ದರೆ ಆನ್ ಇದೆಯಾ, ಬ್ರೇಕ್ ಲಿವರ್ ಪೂರ್ತಿ ಹಿಡಿದಿದ್ದೀರಾ, ಸೈಡ್ ಸ್ಟ್ಯಾಂಡ್ ಎತ್ತಿದ್ದೀರಾ, ಪೆಟ್ರೋಲ್ ಇದೆಯಾ, ಇಷ್ಟು ಮೊದಲು ನೋಡಿ. ಸೆಲ್ಫ್ ಟಕ್ ಟಕ್ ಅಂದು ತಿರುಗದಿದ್ದರೆ ಬ್ಯಾಟರಿ ಇಳಿದಿದೆ, ಕಿಕ್ ಹೊಡೆಯಿರಿ. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಕೂಡ ಒದ್ದಾಡಿಸುತ್ತದೆ, ಯಾಕೆಂದರೆ ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು. ಮಳೆಗಾಲದ ಮುಂಚೆ ಒಮ್ಮೆ ಬ್ಯಾಟರಿ ಚೆಕ್ ಮಾಡಿಸಿಬಿಡಿ. ಏನೂ ಉಸಿರೇ ಇಲ್ಲ, ಮೀಟರ್ ಲೈಟೂ ಬರುವುದಿಲ್ಲ ಅಂದರೆ ಫ್ಯೂಸ್ ನೋಡಬೇಕು. ಮುಂದಿನ ಸರ್ವಿಸ್‌ಗೆ ಬಿಟ್ಟಾಗ ಅದು ಎಲ್ಲಿದೆ, ಹೇಗೆ ಎಳೆಯುವುದು ಅಂತ ಅವರಿಂದಲೇ ತೋರಿಸಿಕೊಳ್ಳಿ. ಅದೇ ಆಂಪಿಯರಿನದು ಎರಡು ತಂದು ಟೇಪ್ ಹಾಕಿ ಡಿಕ್ಕಿಯಲ್ಲಿ ಅಂಟಿಸಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಓಡಿಸುವವರಿದ್ದಾರೆ. ಹಾಗೆ ಮಾಡಿ ವೈರಿಂಗ್ ಪೂರಾ ಸುಟ್ಟುಕೊಂಡು ಬಂದ ಗಾಡಿ ಈಗಲೂ ನನ್ನ ಅಂಗಡಿ ಮೂಲೆಯಲ್ಲಿ ನಿಂತಿದೆ.

ನಿಮ್ಮದು 31 ಸಾವಿರ ಓಡಿದೆ ಅಂದಿರಿ. ಬೆಲ್ಟ್ ಬದಲಿಸಿದ್ದೀರಾ? ಚೈನ್ ಇಲ್ಲ ಅಂತ ಡಾಕ್ಟ್ರು ಹೇಳಿದರು ನಿಜ, ಆದರೆ ಅದರ ಕೆಲಸ ಮಾಡುವುದು ಒಳಗಿರುವ ರಬ್ಬರ್ ಬೆಲ್ಟ್. ಅದು ತುಂಡಾದರೆ ಎಂಜಿನ್ ಓಡುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ದಾರಿಯಲ್ಲಿ ಕೂತು ಹಾಕುವ ಕೆಲಸ ಅಲ್ಲ, ಡಿಕ್ಕಿಯಲ್ಲಿ ಇಟ್ಟುಕೊಂಡೂ ಪ್ರಯೋಜನ ಇಲ್ಲ. ನಾಳೆಯೇ ಕವರ್ ತೆಗೆಸಿ ನೋಡಿಸಿ. ಆಕ್ಸಿಲೇಟರ್, ಬ್ರೇಕ್ ಕೇಬಲ್ ಕೂಡ ಹಾಗೇ. ತಿರುಗಿಸುವಾಗ ಬಿಗಿ ಅನಿಸಿದರೆ ಅಂಗಡಿಯಲ್ಲೇ ಬದಲಿಸಿ.

ಲಡಾಖ್ ತಮ್ಮ, ಆರೂವರೆ ಕೆಜಿ ಸರಿ. ತುಂಡಾದ ಚೈನ್ ಜೋಡಿಸುವ ಚೈನ್ ಲಾಕ್ ಇಟ್ಟುಕೊಂಡಿದ್ದೀಯಾ? ಹತ್ತು ಗ್ರಾಂ ಇರಬಹುದು.


ಲಾಂಗ್ ರೈಡ್ ಹುಡುಗ
ಜೂನ್ 23, ಬೆಳಿಗ್ಗೆ 9:20

ಇಲ್ಲ ಅಣ್ಣ. ಈಗ ಆರ್ಡರ್ ಮಾಡಿದೆ. ಅದನ್ನು ಹಾಕುವುದು ಹೇಗೆ?


ಗ್ಯಾರೇಜ್ ಶಿವಮೊಗ್ಗ
ಜೂನ್ 23, ಮಧ್ಯಾಹ್ನ 2:10

ಲಾಕಿನ ಕ್ಲಿಪ್ಪಿಗೆ ಒಂದು ಕಡೆ ಬಾಯಿ ಇರುತ್ತದೆ. ಚೈನ್ ಓಡುವ ದಿಕ್ಕಿಗೆ ಮುಚ್ಚಿದ ಕಡೆ ಇರಬೇಕು, ಬಾಯಿ ಹಿಂದೆ. ತಿರುಗಾ ಮುರುಗಾ ಹಾಕಿದರೆ ಎಲ್ಲಾದರೂ ತಗುಲಿ ಹಾರಿಹೋಗುತ್ತದೆ. ಮೊದಲು ನಿನ್ನ ಚೈನಿನ ನಂಬರ್ ನೋಡಿ ಆರ್ಡರ್ ಮಾಡಿದ್ದೀಯಾ ನೋಡಿಕೋ.


ದನದ ಡಾಕ್ಟ್ರು
ಜೂನ್ 23, ರಾತ್ರಿ 7:45

ಬೆಲ್ಟ್ ವಿಷಯ ನನಗೆ ಹೊಳೆದಿರಲಿಲ್ಲ. ನಾನು ಗೇರ್ ಗಾಡಿಯವನು. ಸರಿಯಾಗಿ ಹೇಳಿದಿರಿ.

ಟೀಚರಮ್ಮ, ಹಸು ಉಳಿಯಿತು. ಚೈನಿಗೆ ಬೈಂಡಿಂಗ್ ವೈರ್ ಸುತ್ತಿ ನೋಡಿದೆ, ನೂರು ಅಡಿ ಹೋಗಿ ಮತ್ತೆ ಕಿತ್ತಿತು. ಕೊನೆಗೆ ಗಾಡಿಯನ್ನು ಅಲ್ಲೇ ಮರಕ್ಕೊರಗಿಸಿ ಎರಡು ಕಿಲೋಮೀಟರ್ ನಡೆದೆ. ಹೆಣ್ಣು ಕರು. ಆ ಮನೆಯವರು ಅದಕ್ಕೆ ಇಟ್ಟ ಹೆಸರು ಚೈನಿ.


ಕೊಪ್ಪದ ಟೀಚರ್
ಆಗಸ್ಟ್ 9, ರಾತ್ರಿ 9:15

ಇಲ್ಲಿ ಕೇಳಿ ಹೋಗಿ ಸುಮ್ಮನಾದೆ ಅಂದುಕೊಳ್ಳಬೇಡಿ. ಮಾಡಿದ್ದನ್ನೆಲ್ಲ ಹೇಳುತ್ತೇನೆ.

ಬೆಲ್ಟ್ ತೆಗೆಸಿ ನೋಡಿದೆವು. ಒಳಗಡೆ ಸಣ್ಣ ಸಣ್ಣ ಬಿರುಕು. ಬದಲಿಸಿಬಿಟ್ಟೆ. ಗ್ಯಾರೇಜ್ ತಮ್ಮನಿಗೆ ಇದಕ್ಕೊಂದು ಸ್ಪೆಷಲ್ ಥ್ಯಾಂಕ್ಸ್.

ಕಿಟ್ 240 ರೂಪಾಯಿ, ಕಾಲಿನ ಪಂಪ್ 650. ಹಳೇ ಟಯರ್ ಅಂಗಡಿಯಲ್ಲೇ ಇತ್ತು, ತಂದೆ. ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು ಮೊಳೆ ಹೊಡೆದೆ. ಮೊದಲನೆಯ ಸಲ ಅರ ಒಳಗೇ ಸಿಕ್ಕಿಕೊಂಡಿತು, ನಮ್ಮ ಮನೆಯವರೇ ಎಳೆದು ಕೊಟ್ಟರು. ಎರಡನೆಯ ಸಲ ಆಯಿತು. ಮೂರನೆಯದು ಕತ್ತಲೆಯಲ್ಲಿ. ಅದಕ್ಕೆ ಕರೆಂಟ್ ಆರಿಸುವ ಅಗತ್ಯವೇ ಬರಲಿಲ್ಲ, ಜುಲೈ ಪೂರ್ತಿ ಅದು ತಾನೇ ಆರಿತ್ತು.

ಎಲ್ಲ ಸೇರಿ ಹಳೇ ಜಾಮೆಟ್ರಿ ಬಾಕ್ಸು ಮತ್ತು ಒಂದು ಬಟ್ಟೆ ಚೀಲದಲ್ಲಿ ಹಿಡಿಯಿತು. ಪಂಪ್ ಮಾತ್ರ ಕಾಲಿನ ಹತ್ತಿರ, ಕೊಕ್ಕೆಗೆ ನೇತು ಹಾಕುತ್ತೇನೆ. ನಾಲ್ಕನೇ ಕ್ಲಾಸಿನವರು ಅದನ್ನು ನೋಡಿ "ಮಿಸ್, ಇದು ಕಪ್ಪೆಯಾ" ಅಂತ ಕೇಳಿದರು.

ನಿನ್ನೆ ಬೆಳಿಗ್ಗೆ ಚೌಡಿ ಬನದ ಹತ್ತಿರ ಒಂದು ಬೈಕ್ ನಿಂತಿತ್ತು. ನಮ್ಮ ಶಾಲೆಯ ಮೂರನೇ ಕ್ಲಾಸಿನ ಹುಡುಗಿಯ ಅಪ್ಪ. ಹಿಂದೆ ಹುಡುಗಿ, ಅವಳ ತಮ್ಮ, ಒಂದು ಹಾಲಿನ ಕ್ಯಾನು. ಮುಂದಿನ ಟಯರ್ ಪಂಕ್ಚರ್. ಟ್ಯೂಬ್‌ಲೆಸ್ಸಾ ಅಂತ ಕೇಳಿದೆ. ಹೌದು ಅಂದರು, ಯಾಕೆ ಕೇಳುತ್ತಾರೆ ಅಂತ ನನ್ನನ್ನೇ ನೋಡಿದರು. ನಾನು ಗ್ಲೌಸ್ ಹಾಕಿಕೊಂಡೆ.

ಮೊದಲನೆಯ ಹುರಿ ದಬ್ಬಣದ ಜೊತೆ ಹೊರಗೆ ಬಂತು. ಡಾಕ್ಟ್ರು ಹೇಳಿದ ಹಾಗೇ, ಹಿಂಜರಿದಿದ್ದೆ. ಎರಡನೆಯದು ಕೂತಿತು. ಪಂಪ್ ಅವರೇ ಒತ್ತಿದರು. ಎಂಜಲು ಹಚ್ಚಿ ನೋಡುವ ಕೆಲಸಕ್ಕೆ ಅವಳ ತಮ್ಮ ನಾನು ನಾನು ಅಂತ ಮುಂದೆ ಬಂದ. ಗುಳ್ಳೆ ಇಲ್ಲ. ಒಟ್ಟು 25 ನಿಮಿಷ. ಶಾಲೆಗೆ ಹೋದಾಗ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ಟರಿಗೆ ನಾನು ಹೇಳುವ ಮೊದಲೇ ಆ ಹುಡುಗಿ ಹೋಗಿ ಎಲ್ಲ ಹೇಳಿಯಾಗಿತ್ತು, ಸ್ವಲ್ಪ ಜಾಸ್ತಿಯೇ ಸೇರಿಸಿ.

ಸಂಜೆ ಸ್ಟಾಫ್ ರೂಮಿನಲ್ಲಿ ಕೂತಾಗ ಕಾಲು ತುರಿಸಿತು. ಮೂರು ಇಂಬಳ, ಬಟಾಣಿ ಕಾಳಿನಷ್ಟು ದಪ್ಪ ಆಗಿದ್ದವು. ಸುಣ್ಣದ ಡಬ್ಬಿಯೊಂದನ್ನೇ ನಾನು ಕಿಟ್ಟಿಗೆ ಸೇರಿಸಿರಲಿಲ್ಲ.